ಎರಡೇ ಸೀಟಿನ ನೀಲಿ ಕಾರು

ಆ ಎರಡು ದಿನ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹಾಲು ಉಕ್ಕಿಸಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅಡಿಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡಿಗೆಮನೆಗೆ ಓಡಾಡುತ್ತಿದ್ದ ನನ್ನನ್ನು ನೋಡಿ ಅತ್ತೆ, "ಏನೇ, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?" ಎಂದರು. ಕಿಟಕಿಯ ಆಚೆ, ನಮ್ಮ ಕೊಬ್ಬರಿ ಶೆಡ್ಡಿನಲ್ಲಿ ಎರಡು ಕಾರು ನಿಂತಿದ್ದವು. ಅವುಗಳಲ್ಲಿ ಒಂದು ನಮ್ಮದಾಗುವುದಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ತಿಪಟೂರಿನಲ್ಲಿ ಮಾವನವರದು ಕೊಬ್ಬರಿ ವ್ಯಾಪಾರ. ಅವರ ಒಬ್ಬನೇ ಮಗ, ಅಂದರೆ ನನ್ನ ಯಜಮಾನರಿಗೆ ಕಾರಿನ ಹುಚ್ಚು. ಅದೂ ಎಂಥೆಂಥದೋ ಕಾರಿನ ಹುಚ್ಚಲ್ಲ. ದೂರದ ಊರಿಗೆ ಗಾಳಿಯ ಹಾಗೆ ಹೋಗುವ, ಮೈಗೆ ಆಯಾಸವೇ ಆಗದ ವಿಲಾಯತಿ ಕಾರೇ ಬೇಕು. ಅಪ್ಪನ ಬೆನ್ನು ಬಿದ್ದು ಬಿದ್ದು, ಕೊನೆಗೆ "ಹಳೇದಾದ್ರೆ ನೋಡಾನ ಬುಡು" ಅನ್ನಿಸಿಕೊಂಡರು. ಬೆಂಗಳೂರಿನ ದಲ್ಲಾಳಿಯೊಬ್ಬ ತನ್ನ ಡ್ರೈವರನ ಜೊತೆ ಎರಡು ಕಾರು ಓಡಿಸಿಕೊಂಡು ಬಂದೇಬಿಟ್ಟ. ಎರಡಕ್ಕೂ ಎರಡೆರಡೇ ಬಾಗಿಲು, ಉದ್ದನೆಯ ಮೂತಿ, ಚರ್ಮದ ಸೀಟು. ಕೆನೆ ಬಣ್ಣದ್ದು ಕಾಫಿ ತೋಟದವರೊಬ್ಬರದಂತೆ. ಮುಂದಿನ ಸೀಟು ಮಡಚಿದರೆ ಹಿಂದೆ ಇಬ್ಬರು ಕೂರಬಹುದಿತ್ತು. ನೀಲಿಯದು ಹೋಟೆಲು ಮಾಲೀಕರೊಬ್ಬರದು. ಅದರಲ್ಲಿ ಇದ್ದದ್ದು ಎರಡೇ ಸೀಟು. ಹಿಂದೆ ಒಂದು ಚೀಲ ಇಡುವಷ್ಟು ಜಾಗ, ಅಷ್ಟೇ.

ನೀಲಿ ಕಾರು ನೋಡಿದ ತಕ್ಷಣ ಅದೇ ಬೇಕು ಅನ್ನಿಸಿತು. ಕಾರಿನ ಚಂದಕ್ಕಲ್ಲ, ಕಾರಿನ ಚಂದ ಕಟ್ಟಿಕೊಂಡು ನನಗೇನು? ಆ ಮನೆಗೆ ಸೊಸೆಯಾಗಿ ಬಂದು ಆರು ವರ್ಷವಾಗಿತ್ತು. ಒಂದು ದಿನ, ಒಂದೇ ಒಂದು ದಿನ, ನಾನು ಗಂಡನ ಜೊತೆ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಹಾಲ್ಕುರಿಕೆ ಮಠಕ್ಕೆ ಹೋದರೂ ಅತ್ತೆ, ತುರುವೇಕೆರೆಗೆ ನನ್ನ ತವರಿಗೆ ಹೋದರೂ ಅತ್ತೆ. ಬಾಡಿಗೆ ಕಾರಿನಲ್ಲಿ ಗಂಡ ಮುಂದೆ, ನಾವು ಹಿಂದೆ. ಮಾತಾಡಬೇಕೆಂದರೆ ಅವರ ಕುತ್ತಿಗೆಯ ಜೊತೆ ಮಾತಾಡಬೇಕು. ಎರಡೇ ಸೀಟಿನ ಕಾರು ಬಂದರೆ ಮೂರನೆಯವರು ಎಲ್ಲಿ ಕೂರುತ್ತಾರೆ? ಕೂರಲಿ ನೋಡೋಣ! ಮುಂದಿನ ಸೀಟಿನಲ್ಲಿ ಗಂಡನ ಪಕ್ಕ ನಾನು, ಕಣ್ಣೆದುರಿಗೆ ರಸ್ತೆ. ನನಗೆ ಬೇಕಿದ್ದದ್ದು ಇಷ್ಟೇ. ಆದರೆ ಮಾವನವರ ಎದುರು ನಿಂತು ಸೊಸೆಯಾದವಳು ಇದನ್ನು ಹೇಳುವುದುಂಟೆ? ಬಾಗಿಲ ಹಿಂದೆ ನಿಂತು ಉಗುರು ಕಚ್ಚಿದೆ.

ಯಜಮಾನರಿಗೆ ಎರಡೂ ಇಷ್ಟ. ಒಂದು ಗಳಿಗೆ ಇದು, ಇನ್ನೊಂದು ಗಳಿಗೆ ಅದು. ತೀರ್ಮಾನ ಮಾವನವರದು. ಅವರು ಕಾರನ್ನು ನೋಡಲೇ ಇಲ್ಲ, ಕೇಳಿದರು. ನಮ್ಮ ಕಡೆ ತೆಂಗಿನಕಾಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಮುಟ್ಟದೆ ಬಿಡುತ್ತಾರೆ. ನೀರು ಬತ್ತಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಗುಳುಗುಳು ಅಂದರೆ ಹಸಿ. ಗಡಗಡ ಅಂದರೆ ಆಗಿದೆ. ಏನೂ ಅನ್ನದಿದ್ದರೆ ಒಳಗೆ ಕೊಳೆತಿದೆ. ಈ ವಿದ್ಯೆಯಲ್ಲಿ ಮಾವನವರ ಕಿವಿಯನ್ನು ಮೀರಿಸಿದವರು ಮಂಡಿಯಲ್ಲೇ ಇರಲಿಲ್ಲ. ಹಾಗಾಗಿ ಕಾರಿಗೂ ಅದೇ ಪರೀಕ್ಷೆ. ಬೀದಿಯಲ್ಲಿ ಒಂದೊಂದನ್ನೇ ಓಡಿಸಲು ಹೇಳಿ, ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತರು.

ಕೆನೆ ಬಣ್ಣದ ಕಾರಿನ ಬಾಗಿಲ ಗಾಜು ಸಡಿಲವಾಗಿ ಗಡಗಡ ಎನ್ನುತ್ತಿತ್ತು. ನೀಲಿಯದು ಬೆಕ್ಕಿನ ಹಾಗೆ ಸದ್ದಿಲ್ಲದೆ ಹೋಗಿ ಬಂತು.

"ನೀಲೀದ್ಯಾಕೋ ಬಾಯೇ ಬುಡಲ್ಲ. ಒಳಗೇನು ಕೊಳೆತದೋ ಯಾರಿಗ್ಗೊತ್ತು" ಎಂದರು ಮಾವ.

ದಲ್ಲಾಳಿ ತಲೆ ಚಚ್ಚಿಕೊಂಡ. "ಯಜಮಾನ್ರೇ, ಕಾರು ಸದ್ದು ಮಾಡಬಾರ್ದು ಕಣ್ರೀ! ಅದೇ ಅದರ ಹೆಚ್ಚುಗಾರಿಕೆ."

"ನಿಂಗೆ ಕಾರು ಗೊತ್ತು, ನಂಗೆ ಸದ್ದು ಗೊತ್ತು. ನಾಳೆ ಬೆಳಿಗ್ಗೆ ಇನ್ನೊಂದ್ಸಲ ಕೇಳಿ ಹೇಳ್ತೀನಿ ಬುಡು."

ಗಡಗಡ ಅನ್ನುವ ಕಾರು ಬಂದರೆ ನನಗೆ ಮತ್ತೆ ಅದೇ ಹಿಂದಿನ ಸೀಟು, ಅದೇ ಕುತ್ತಿಗೆ. ಮಾರನೆಯ ಬೆಳಿಗ್ಗೆ ಅತ್ತೆ, "ಎರಡ್ಕೂ ವಿಭೂತಿ ಇಟ್ಟು ಬಾರೇ, ಯಾವುದು ನಮ್ಮದಾಗುತ್ತೋ" ಎಂದು ತಟ್ಟೆ ಕೊಟ್ಟು ಕಳಿಸಿದರು. ಶೆಡ್ಡಿನ ಮೂಲೆಯಲ್ಲಿ ಸುಲಿದ ಕಾಯಿಯ ರಾಶಿ ಇತ್ತು. ನಾನು ಯೋಚಿಸಿದ್ದೂ ಇಲ್ಲ, ಹೆದರಿದ್ದೂ ಇಲ್ಲ. ಚೆನ್ನಾಗಿ ಒಣಗಿದ ಮೂರು ಕಾಯಿ ಆರಿಸಿ, ಅಲ್ಲಾಡಿಸಿ ನೋಡಿ, ನೀಲಿ ಕಾರಿನ ಡಿಕ್ಕಿಯೊಳಗೆ ಹಾಕಿ ಮುಚ್ಚಿದೆ. ಈಗಲೂ ಹೇಳುತ್ತೇನೆ, ಅದು ತಪ್ಪೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ.

ಕಾರು ಬೀದಿಗಿಳಿಯಿತು. ಕಲ್ಲು ಹಾಸಿನ ಮೇಲೆ ಏರಿದ್ದೇ ತಡ, ಡಿಕ್ಕಿಯೊಳಗಿಂದ ಗಡಗಡ, ಗಡಗಡ. ದಲ್ಲಾಳಿಯ ಮುಖ ಬಿಳಿಚಿಕೊಂಡಿತು. ಕಣ್ಣು ಮುಚ್ಚಿ ಕೂತಿದ್ದ ಮಾವನವರ ಮೀಸೆ ಒಮ್ಮೆ ಅಲುಗಿತು.

"ನೀಲೀದೇ ಇರ್ಲಿ," ಎಂದರು ಮಾವ. "ಚೆನ್ನಾಗಿ ಆಗ್ಯದೆ."

ಸಂಜೆ ಅವರು ಅಡಿಗೆಮನೆಯ ಹೊಸ್ತಿಲವರೆಗೂ ಬಂದರು. ಆರು ವರ್ಷದಲ್ಲಿ ಅಲ್ಲಿಗೆ ಬಂದವರೇ ಅಲ್ಲ. ಹೆಗಲ ಟವೆಲಿನಲ್ಲಿ ಸುತ್ತಿದ್ದ ಮೂರು ಕಾಯನ್ನು ಹೊಸ್ತಿಲ ಮೇಲಿಟ್ಟರು. "ಮೂಡ್ಲು ಅಟ್ಟದವು, ನಿನ್ನೆ ಸುಲಿಸಿದ್ದು. ಬೀದೀಲಿ ಕೇಳ್ದಾಗ್ಲೇ ಗೊತ್ತಾಯ್ತು. ಬಾಯಿ ಬುಟ್ಟು ಕೇಳಿದ್ರೆ ಬ್ಯಾಡ ಅಂತಿದ್ನೇನವ್ವ?" ಎಂದು ಹೇಳಿ ಹೊರಟುಹೋದರು. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಸಂತೋಷವೇ ಜಾಸ್ತಿ.

ಆ ಸಂತೋಷದ ಆಯಸ್ಸು ಸೋಮವಾರದವರೆಗೆ. ಮೊದಲ ಸವಾರಿ ಹಾಲ್ಕುರಿಕೆ ಮಠಕ್ಕೆ ಎಂದು ಗೊತ್ತಾಯಿತು. ಹಸಿರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಹೊರಗೆ ಬಂದು ನೋಡುತ್ತೇನೆ, ಅತ್ತೆ ಆಗಲೇ ಗಂಡನ ಪಕ್ಕದ ಸೀಟಿನಲ್ಲಿ ಕೂತಿದ್ದಾರೆ! ಮಡಿಲಲ್ಲಿ ಹಣ್ಣುಕಾಯಿ ಬುಟ್ಟಿ. "ನೀನು ಮುದ್ದೆಗೆ ಎಸರಿಟ್ಟಿರು ಕಣೇ, ಬಂದ್ಬಿಡ್ತೀವಿ" ಎಂದರು. ಯಜಮಾನರು ನನ್ನ ಕಡೆ ನೋಡಲಾರದೆ ಕನ್ನಡಿ ಒರೆಸಿದರು.

ಅಯ್ಯೋ ನನ್ನ ದಡ್ಡತನವೇ! ಎರಡೇ ಸೀಟಿದ್ದರೆ ಎರಡನೆಯದು ಮನೆಯ ಹಿರಿಯಳದು ಎಂಬುದು ಈ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯಬಾರದಿತ್ತೇ? ಕೆನೆ ಬಣ್ಣದ ಕಾರಾಗಿದ್ದರೆ ಹಿಂದಾದರೂ ಕೂತಿರುತ್ತಿದ್ದೆ. ಈಗ ಅದೂ ಹೋಯಿತು. ರೇಷ್ಮೆ ಸೀರೆಯಲ್ಲೇ ಎಸರಿಟ್ಟೆ. ಪಾತ್ರೆಗಳನ್ನು ಕುಕ್ಕಿದ ಸದ್ದು ಬೀದಿಯ ಕೊನೆಯವರೆಗೂ ಕೇಳಿರಬೇಕು.

ಅತ್ತೆ ಆ ಸೀಟು ಬಿಡಲೇ ಇಲ್ಲ. ಅಷ್ಟು ತಗ್ಗಿನ ಕಾರಿಗೆ ಹತ್ತುವಾಗ "ಶಿವನೇ" ಅನ್ನುವರು, ಇಳಿಯುವಾಗ ಸೊಂಟ ಹಿಡಿದುಕೊಳ್ಳುವರು, ಆದರೂ ಕಾರು ಹೊರಟರೆ ಮೊದಲು ಅವರೇ ಒಳಗೆ. ಒಂದು ಮಧ್ಯಾಹ್ನ ಅವರ ಸೊಂಟಕ್ಕೆ ಎಣ್ಣೆ ತಿಕ್ಕುತ್ತ ನನಗೆ ತಡೆಯಲಾಗಲಿಲ್ಲ. "ಇಷ್ಟು ನೋವು ತಿಂದ್ಕೊಂಡು ಯಾಕತ್ತೆ ಹೋಗ್ತೀರಾ? ನಂಗಾದ್ರೂ ಒಂದಿನ ಬಿಟ್ಕೊಡಬಾರ್ದಾ?" ಎಂದೇಬಿಟ್ಟೆ. ಸಿಟ್ಟಿನಲ್ಲಿ ಕೈ ಸ್ವಲ್ಪ ಜೋರಾಗಿಯೇ ತಿಕ್ಕಿರಬೇಕು.

ಅತ್ತೆ ಬೋರಲಾಗಿ ಮಲಗಿದ್ದಲ್ಲಿಂದಲೇ ಮಾತಾಡಿದರು. "ಮದುವೆ ಆಗಿ ಹುಳಿಯಾರಿಂದ ಎತ್ತಿನ ಗಾಡೀಲಿ ಬಂದೆ. ಗಂಡಸ್ರು ಮುಂದೆ, ನಾವು ಹಿಂದಕ್ಕೆ ಕಾಲು ಇಳೇಬಿಟ್ಕೊಂಡು. ಅವತ್ತಿಂದ ಬಿಟ್ಟು ಬಂದ ದಾರೀನೇ ನೋಡಿದ್ದೀನಿ ಕಣೇ. ಬರೋ ದಾರಿ ಹೆಂಗಿರ್ತದೆ ಅಂತ ಈಗ ನೋಡ್ತಾ ಇದ್ದೀನಿ. ನಿಂಗೆ ಹೆಂಗೆ ಬಿಟ್ಕೊಡ್ಲಿ?"

ನನ್ನ ಕೈ ನಿಂತಿತು. ನನಗೆ ಬೇಕಾದದ್ದೇ ಇವರಿಗೂ ಬೇಕಾಗಿತ್ತು, ನನಗಿಂತ ಎಷ್ಟೋ ಮುಂಚಿನಿಂದ.

ಅತ್ತೆ ತಲೆ ಎತ್ತಿದರು. "ಅಲ್ವೇ, ಓಡ್ಸೋದು ಗಂಡಸ್ರೇ ಆಗ್ಬೇಕಾ? ನೀನು ಕಲ್ತ್ಕೊಂಡ್ಬಿಡು. ಎರಡು ಸೀಟು, ನಾವಿಬ್ರು."

ಯಜಮಾನರು ಮೊದಲು ನಕ್ಕರು, ಆಮೇಲೆ ರೇಗಿದರು. ಮಾವ ಮಾತ್ರ "ಕಲಿಸೋ" ಎಂದರು. ಸಂತೆಯಿಲ್ಲದ ದಿನ ಖಾಲಿ ಮೈದಾನದಲ್ಲಿ ಕಲಿತೆ. ಬೇಲಿಗೆ ಗುದ್ದಿದೆ, ಬೈಸಿಕೊಂಡೆ, ತಿರುಗಿ ಬೈದೆ. ಲೈಸೆನ್ಸು ಬಂದ ಮೇಲೆ ಒಂದು ಬೆಳಿಗ್ಗೆ ತುರುವೇಕೆರೆಗೆ, ನನ್ನ ತವರಿಗೆ, ಎಂದು ಹೇಳಿ ಇಬ್ಬರೂ ಹೊರಟೆವು. ಜಗಲಿಯ ಮೇಲೆ ಅಪ್ಪ, ಮಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಕಿಬ್ಬನಹಳ್ಳಿಯ ಕೂಡುರಸ್ತೆಯಲ್ಲಿ ಬಸ್ಸಿಗೆ ದಾರಿ ಬಿಡಲು ನಿಲ್ಲಿಸಿದೆ. ಬಲಕ್ಕೆ ತುರುವೇಕೆರೆ. ಎಡಕ್ಕೆ ಚಿಕ್ಕನಾಯಕನಹಳ್ಳಿ, ಅದರಾಚೆ ಅತ್ತೆಯ ತವರು ಹುಳಿಯಾರು. ಅತ್ತೆ ಒಂದೇ ಒಂದು ಸಲ ಎಡಗಡೆ ನೋಡಿ, ಸೆರಗು ಸರಿಮಾಡಿಕೊಂಡರು.

ನಾನು ಎಡಕ್ಕೆ ತಿರುಗಿಸಿದೆ.

"ಏ, ನಿಮ್ಮೂರು ಆ ಕಡೆ ಕಣೇ!"

"ಗೊತ್ತು, ಸುಮ್ನೆ ಕೂತ್ಕಳಿ ಅತ್ತೆ."

ಅತ್ತೆ ಸುಮ್ಮನೆ ಕೂರಲಿಲ್ಲ. ಗಾಜನ್ನು ಪೂರ್ತಿ ಇಳಿಸಿ, ಬಳೆಗೈಯನ್ನು ಹೊರಗೆ ಚಾಚಿ, "ಇನ್ನೂ ಜೋರಾಗಿ ಬುಡೇ" ಎಂದರು.