ತಿಥಿಯ ಪ್ರಕಾರ ಒಂದು ಹಾಡು

ಕೋಥರೂಡಿನ ನಮ್ಮ ವಸತಿ ಸೊಸಾಯಿಟಿಯಲ್ಲಿ ಶನಿವಾರ ಸಂಜೆ ಯಾರೂ ಸುಮ್ಮನೆ ಹಾಡುವಂತಿಲ್ಲ. ಹಾಡಿಗೊಂದು ಕಾರಣ ಬೇಕು. ಅಂದಿನ ತಾರೀಖಿಗೇ ಅದರ ಗಾಯಕ ಹುಟ್ಟಿರಬೇಕು, ಇಲ್ಲವೇ ಸತ್ತಿರಬೇಕು, ಎರಡೂ ಇಲ್ಲದಿದ್ದರೆ ಆ ಸಿನಿಮಾ ಅಂದು ತೆರೆಗೆ ಬಂದಿರಬೇಕು. ಮರಾಠಿಯಲ್ಲಿ ಇದಕ್ಕೆ ದಿನವಿಶೇಷ ಅನ್ನುತ್ತಾರೆ; ಶಾಲೆಯ ಹಲಗೆಯ ಮೇಲೆ ಬೆಳಿಗ್ಗೆ ಬರೆಯುತ್ತಾರಲ್ಲ, ಅದು. ನಮ್ಮ ಕರಾವೋಕೆ ಕೂಟವನ್ನು ನಡೆಸುವ ಕಾಕಾ ಜೀವಮಾನವೆಲ್ಲ ಮಾಸ್ತರಿಕೆ ಮಾಡಿದವರು. ನಿವೃತ್ತಿಯಾದ ಮೇಲೆ ಆ ಹಲಗೆಯನ್ನು ತಂದು ನಮ್ಮ ಕುತ್ತಿಗೆಗೆ ಕಟ್ಟಿದ್ದಾರೆ.

ಗೊಣಗುತ್ತೇನೆ ನಿಜ, ಆದರೆ ಮಜಾ ಮಾತ್ರ ಹೇಳತೀರದು. ಒಂದು ಶನಿವಾರ ಒಬ್ಬ ಗಾಯಕನ ಜಯಂತಿ ಮತ್ತು ಇನ್ನೊಬ್ಬನ ಪುಣ್ಯತಿಥಿ ಒಟ್ಟಿಗೇ ಬಂದವು. ಕಾಕಾ ಸಭೆಯನ್ನು ಎರಡು ಭಾಗ ಮಾಡಿದರು: ಮೊದಲರ್ಧದಲ್ಲಿ ಚಪ್ಪಾಳೆ ಹೊಡೆಯಬೇಕು, ಉಳಿದರ್ಧದಲ್ಲಿ ಗಂಭೀರವಾಗಿರಬೇಕು. ಮೂರನೇ ಮಹಡಿಯ ಗೃಹಸ್ಥರು ತಿಂಗಳುಗಟ್ಟಲೆ ಕಲಿತಿದ್ದ ಕುಣಿತದ ಹಾಡು ಪುಣ್ಯತಿಥಿಯ ಪಾಲಿಗೆ ಬಿತ್ತು. ಅವರೇನು ಬಿಟ್ಟರೇ? ಕೈ ಮುಗಿದುಕೊಂಡೇ ಕುಣಿದರು. ನಾನು ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಪಕ್ಕದವರು ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದರು.

ಇಷ್ಟೆಲ್ಲ ನಗೆಯ ನಡುವೆ ನನಗೊಂದು ಚಿಂತೆ ಇತ್ತು. ನಮ್ಮ ಅತ್ತೆ ಮನೆ ಬಿಟ್ಟು ಕೆಳಗೆ ಇಳಿಯುತ್ತಿರಲಿಲ್ಲ. ಹಿಂದಿನ ವರ್ಷ ಮಾವ ತೀರಿಕೊಂಡಿದ್ದರು. ಹುಬ್ಬಳ್ಳಿ ಕಡೆಯಿಂದ ಬಂದು ಇಲ್ಲಿಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತ ಸಂಸಾರ ಕಟ್ಟಿದವರು ಅವರು. ಅವರು ಹೋದ ಮೇಲೆ ಅತ್ತೆ ಮಾತು ಕಡಿಮೆ ಮಾಡಿದರು, ನನ್ನ ಅಡಿಗೆಯಲ್ಲಿ ತಪ್ಪು ಹುಡುಕುವುದನ್ನೂ ಬಿಟ್ಟರು. ಸಾರಿಗೆ ಉಪ್ಪು ಮರೆತ ದಿನವೂ ಸುಮ್ಮನೆ ಉಂಡು ಎದ್ದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಜಗಳವಾಡುವ ಅತ್ತೆ ನನಗೆ ಬೇಕಾಗಿದ್ದರು.

ಪ್ರತಿ ಶನಿವಾರ ಕರೆಯುತ್ತಿದ್ದೆ. ಒಂದು ದಿನ ಅವರಿಗೆ ಸಿಟ್ಟೇ ಬಂತು.

"ನಿಮ್ಮ ಹಿಂದಿ ಹಾಡ ಕೇಳಾಕ ನಾ ಯಾಕ ಕೆಳಗ ಬರಲಿ? ಟೀವಿ ಮನ್ಯಾಗ ಅದ ಅಲ್ಲ?"

"ಯಾವ ಹಾಡ ಹಾಡಿದ್ರ ಬರ್ತೀರಿ ಅತ್ತಿ?"

"ನಿಮ್ಮ ಮಾವಂದು. ಅದನ್ನ ಹಾಡಿದ್ರ ಬರ್ತೀನಿ. ಇಲ್ಲಂದ್ರ ಇನ್ನೊಮ್ಮೆ ಕರೀಬ್ಯಾಡ."

ಮಾವನ ಹಾಡು ಅಂದರೆ ಹಳೆಯ ಕನ್ನಡ ಸಿನಿಮಾದ ಒಂದು ಪಲ್ಲವಿ. ಬೆಳಿಗ್ಗೆ ಬಾಲ್ಕನಿಯಲ್ಲಿ ಕನ್ನಡಿ ತೂಗುಹಾಕಿ ದಾಡಿ ಮಾಡಿಕೊಳ್ಳುವಾಗ ಅದನ್ನೇ ಹಾಡುತ್ತಿದ್ದರು. ನಾಯಕ ತನ್ನ ಹುಡುಗಿಯನ್ನು ಕರೆಯುವ ಹಾಡದು. ಪಲ್ಲವಿ ಮುಗಿಯುವುದು 'ಬಳಿಗೆ ಬಾ' ಎಂಬ ಮಾತಿನಿಂದ. ಮಾವ ಮಾತ್ರ ಅಲ್ಲಿ ರಾಗ ಎಳೆದು 'ಬಶಿಗೆ ಚಾ' ಅನ್ನುತ್ತಿದ್ದರು. ಬಶಿ ಎಂದರೆ ಸಾಸರು. ಅವರು ಚಹಾವನ್ನು ಬಶಿಗೆ ಸುರಿದುಕೊಂಡೇ ಕುಡಿಯುವವರು. ಆ ಸಾಲು ಕಿವಿಗೆ ಬಿದ್ದರೆ ಅತ್ತೆ ಒಲೆಯಿಂದ ಪಾತ್ರೆ ಇಳಿಸಬೇಕು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಇದು ಹಾಡಿನದೇ ಸಾಹಿತ್ಯ ಎಂದು ನಂಬಿ, ಕವಿ ಎಷ್ಟು ಒಳ್ಳೆಯ ಸಂಸಾರಸ್ಥ ಅಂದುಕೊಂಡಿದ್ದೆ.

ಸರಿ, ಹಾಡು ಸಿಕ್ಕಿತು. ದಿನವಿಶೇಷ ಎಲ್ಲಿಂದ ತರುವುದು? ಆ ಸಿನಿಮಾ ಯಾವಾಗ ಬಂತು, ಯಾವಾಗ ಡಬ್ಬಿಗೆ ಹೋಯಿತು ಅನ್ನುವುದು ಮೊಬೈಲಿಗೂ ಗೊತ್ತಿರಲಿಲ್ಲ. ಗಾಯಕನ ಜಯಂತಿಗೆ ಇನ್ನೂ ಅರ್ಧ ವರ್ಷ ಬಾಕಿ. ಆಗ ಮಾವ ಹೇಳಿದ್ದ ಮಾತೊಂದು ನೆನಪಾಯಿತು. ಆ ಹಾಡಿಗೆ ರಾಗ ಹಾಕಿದವರು ರೇಡಿಯೋದಲ್ಲಿ ಹೇಳಿದ್ದರಂತೆ: "ನಾನು ಹುಟ್ಟಿದ ತಾರೀಖು ನಮ್ಮವ್ವಗ ಗೊತ್ತಿಲ್ಲ, ದವನದ ಹುಣ್ಣಿಮೆ ಅಂತ ಅಷ್ಟ ಗೊತ್ತು." ಫ್ರಿಜ್ಜಿನ ಪಕ್ಕದ ಕ್ಯಾಲೆಂಡರಿನ ಎದುರು ಹೋಗಿ ನಿಂತೆ. ದವನದ ಹುಣ್ಣಿಮೆ ಬರುವ ಶನಿವಾರಕ್ಕೇ ಬಂದಿತ್ತು! ನಾನು ಅಡಿಗೆಮನೆಯಲ್ಲಿ ಎಷ್ಟು ಜೋರಾಗಿ ಕೂಗಿದೆನೆಂದರೆ ಯಜಮಾನರು ಗ್ಯಾಸ್ ಸೋರುತ್ತಿದೆಯೆಂದು ಓಡಿಬಂದರು.

ಕಾಕಾ ಒಪ್ಪಬೇಕಲ್ಲ. ನಾನು ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವ ಮಾಸ್ತರು ಅವರು. "ವಹಿನಿ, ದಿನವಿಶೇಷ ತಾರೀಖಿನದು. ತಿಥಿ ನಡೆಯುವುದಿಲ್ಲ," ಎಂದು ಮರಾಠಿಯಲ್ಲಿ ಖಡಾಖಂಡಿತವಾಗಿ ಹೇಳಿದರು. ನಾನೂ ಮರಾಠಿಯಲ್ಲೇ ಕೇಳಿದೆ: "ಈ ಊರಲ್ಲಿ ಮಹಾರಾಜರ ಜಯಂತಿ ವರ್ಷಕ್ಕೆ ಎಷ್ಟು ಸಲ ಕಾಕಾ? ತಾರೀಖಿನ ಪ್ರಕಾರ ಒಮ್ಮೆ, ತಿಥಿಯ ಪ್ರಕಾರ ಇನ್ನೊಮ್ಮೆ. ಎರಡು ಸಲವೂ ಫೇಟಾ ಸುತ್ತಿಕೊಂಡು ಗೇಟಿನಲ್ಲಿ ಪೇಢೆ ಹಂಚಿದವರು ಯಾರು?"

ಕಾಕಾ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಅವರು ಅಂದೇ ಹುಟ್ಟಿದ್ದಕ್ಕೆ ಪುರಾವೆ?"

"ಅದೇ ದಿನ ಹನುಮಾನ್ ಜಯಂತಿ. ಅಲ್ಲಿ ಪುರಾವೆ ನೋಡಿಯೇ ಪ್ರಸಾದ ತಗೊಳ್ತೀರಾ?"

ಕಾಕಾ ಸೋತರು. ಸೋತವರ ಹಟಕ್ಕೆ ನನ್ನ ಹೆಸರನ್ನು ಎಲ್ಲರಿಗಿಂತ ಕೊನೆಗೆ ಹಾಕಿದರು.

ಶನಿವಾರ ಅತ್ತೆ ಇಸ್ತ್ರಿಯ ಸೀರೆ ಉಟ್ಟು ಬಂದು ಮೊದಲ ಸಾಲಿನಲ್ಲಿ ಕೂತರು. ಪರ್ಸು ತೊಡೆಯ ಮೇಲೆ, ಮುಖ ಬಿಗಿ. ಕಾಕಾ ದಿನವಿಶೇಷ ಓದಿದರು: ಅಂದೇ ಒಬ್ಬ ಹಿಂದಿ ಗಾಯಕಿ ಮೊದಲ ಸಲ ಮೈಕಿನ ಮುಂದೆ ನಿಂತಿದ್ದಳು, ಅಂದೇ ಮರಾಠಿ ಲಾವಣಿಯ ಒಂದು ಗ್ರಾಮಫೋನ್ ತಟ್ಟೆ ಮಾರಾಟಕ್ಕೆ ಬಂದಿತ್ತು, ಅಂದೇ ಸಮುದ್ರದಾಚೆ ಒಂದು ಬ್ಯಾಂಡು ಜಗಳವಾಡಿ ಒಡೆದಿತ್ತು. ಆ ಬ್ಯಾಂಡಿನ ದುಃಖಕ್ಕೆಂದು ಊರಿನ ಆಚೆ ತುದಿಯ ವಾಕಡದಿಂದ ಗಿಟಾರು ಹೊತ್ತುಕೊಂಡು ಬಂದಿದ್ದ ಯಾರದೋ ಮಗಳು ಕಣ್ಣು ಮುಚ್ಚಿ ಹಾಡಿದಳು. ಅತ್ತೆ ಆಕಳಿಸಿದರು. ಇನ್ನೊಂದು ಆಕಳಿಕೆ ಬಂದರೆ ಎದ್ದು ಹೋಗಿಬಿಡುತ್ತಾರೆ ಎಂದು ಅವರನ್ನೇ ನೋಡುತ್ತ ಕೂತಿದ್ದೆ.

ಕೊನೆಗೂ ನನ್ನ ಸರದಿ ಬಂತು. ಟ್ರ್ಯಾಕು ಎಲ್ಲೂ ಸಿಕ್ಕಿರಲಿಲ್ಲ, ಬರೀ ಕಂಠವೇ ಗತಿ. ನಾಲ್ಕು ಜನರ ಮುಂದೆ ಮರ್ಯಾದೆ ಇರಲೆಂದು ತವರಿನವರಿಗೆ ಫೋನು ಮಾಡಿ ಸರಿಯಾದ ಸಾಹಿತ್ಯ ಕಲಿತು ಬಂದಿದ್ದೆ. ಕಣ್ಣು ಮುಚ್ಚಿದೆ, ಭಾವ ತುಂಬಿದೆ, 'ಬಳಿಗೆ ಬಾ' ಎಂದು ಎಳೆದೆ.

"ತಪ್ಪ!"

ಎಲ್ಲರೂ ಮೊದಲ ಸಾಲಿನತ್ತ ತಿರುಗಿದರು. ಅತ್ತೆ ಪರ್ಸು ಎತ್ತಿ ತೋರಿಸುತ್ತಿದ್ದರು. "ತಪ್ಪ ಹಾಡಾಕತ್ತಿ. ಹಂಗಲ್ಲ ಅದು."

"ಖರೇ ಹಾಡ ಹಿಂಗೇ ಅದರಿ ಅತ್ತಿ," ಎಂದೆ, ಮೈಕು ಬಾಯ ಮುಂದೆಯೇ ಇದೆಯೆಂಬುದು ಮರೆತು.

"ಖರೇ ಹಾಡ ಯಾರಿಗೆ ಬೇಕಾಗೇದ?" ಎಂದವರೇ ಕೂತಲ್ಲಿಂದಲೇ, ಶ್ರುತಿಯ ಹಂಗಿಲ್ಲದೆ, ಸಭಾಂಗಣ ತುಂಬುವಂತೆ ಹಾಡಿದರು: "ಬಶಿಗೆ ಚಾ!"

ಅಷ್ಟೂ ಹೊತ್ತು ಒಂದಕ್ಷರ ತಿಳಿಯದೆ ಸೌಜನ್ಯಕ್ಕೆ ತಲೆದೂಗುತ್ತಿದ್ದ ಮಂದಿ ಥಟ್ಟನೆ ನೆಟ್ಟಗಾದರು. ಬಶಿ ಮರಾಠಿಯಲ್ಲೂ ಬಶಿಯೇ, ಚಾ ಎಂದರೆ ಚಹಾ ಎಂದು ಯಾರು ಬೇಕಾದರೂ ಹೇಳುತ್ತಾರೆ. "ಬಶೀತ ಚಹಾ?" ಎಂದು ಕಾಕಾ ನಂಬದೆ ಕೇಳಿದರು. ಮಾವ ಬೆಳಿಗ್ಗೆ ಚಹಾ ಕೇಳುತ್ತಿದ್ದುದೇ ಹೀಗೆ ಎಂದು ನಾನು ವಿವರಿಸಿದೆ. ಆಮೇಲೆ ಏನು ಹೇಳಲಿ! ನಿಯಮದ ಕಾಕಾನೇ ಮೊದಲು ಶುರುಮಾಡಿದರು. ಗಿಟಾರಿನ ಹುಡುಗಿ ಕಣ್ಣೊರೆಸಿಕೊಂಡು ತಂತಿ ಮೀಟಿದಳು, ಮೂರನೇ ಮಹಡಿಯವರು ಈ ಸಲ ಕೈ ಬಿಚ್ಚಿ ಕುಣಿದರು. ನಾನು ಪಲ್ಲವಿ ಹಾಡುವುದು, ಇಡೀ ಕೋಥರೂಡಿಗೆ ಕೇಳುವಂತೆ ಅವರೆಲ್ಲ 'ಬಶಿಗೆ ಚಾ' ಅನ್ನುವುದು. ಅತ್ತೆ ಪರ್ಸಿನಿಂದ ತಾಳ ಹಾಕುತ್ತಿದ್ದರು. ಯಾರಾದರೂ ಅವಸರಪಟ್ಟರೆ "ಸಾವಕಾಶ, ಚಾ ಇನ್ನೂ ಕುದಿಬೇಕು," ಎಂದು ಗದರಿದರು. ನಾನು ಹಾಡುತ್ತಲೇ ನಕ್ಕೆ, ನಗುತ್ತಲೇ ಹಾಡಿದೆ; ಅಷ್ಟು ಕೆಟ್ಟದಾಗಿ ನಾನು ಎಂದೂ ಹಾಡಿಲ್ಲ, ಅಷ್ಟು ಖುಷಿಯೂ ಎಂದೂ ಆಗಿಲ್ಲ.

ಮುಗಿದ ಮೇಲೆ ನಾವಿಬ್ಬರೇ ಲಿಫ್ಟು ಹತ್ತಿದೆವು. ಜಾಲರಿ ಬಾಗಿಲು ಎಳೆದು ತಿರುಗಿದರೆ ಅತ್ತೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಎಲ್ಲಾ ನೆನಪದ ನನಗ," ಎಂದರು. "ಮಾರಿ ನೆನಪದ, ನಡಿಗಿ ನೆನಪದ. ದನಿ ಒಂದ ಹೋಗಿಬಿಟ್ಟಿತ್ತು. ಎಷ್ಟ ಹೊತ್ತ ಕುಂತ್ರೂ ಕಿವಿಗೆ ಬರವಲ್ದು. ಮರತ್ನೇನೋ ಅಂತ ಭಾಳ ಅಂಜಿದ್ದೆ. ಇವತ್ತ ಆ ಮಂದಿ ಎಲ್ಲಾ ಒದರತಿದ್ರಲ್ಲ, ಅದರ ನಡುವ ಅವರದು ಕೇಳ್ತು. ಬರೋಬ್ಬರಿ ಕೇಳ್ತು."

ನಾನು ಅವರ ಕೈ ಹಿಡಿದುಕೊಂಡೆ. ಲಿಫ್ಟು ನಮ್ಮ ಮಹಡಿಗೆ ಬಂದು ನಿಂತಿತು. ನಾನು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಕೆಳಗಿಳಿಯುವ ಗುಂಡಿ ಒತ್ತಿದರು.

"ನಡಿ, ಇನ್ನೊಮ್ಮೆ ಹಾಡೋಣು. ಇನ್ನೂ ಕುರ್ಚಿ ಎತ್ತಿರಂಗಿಲ್ಲ ಅವರು."