ಓಣಿಯನ್ನು ಚರಂಡಿ ಎಂದು ಬರೆಸಿದವನು

ಕಮಲಕ್ಕ, ನಿಮ್ಮ ಮನೆಯ ದಾರಿಯನ್ನು ಮುಚ್ಚಿಸಿದವನು ನಾನು. ಇಷ್ಟು ವರ್ಷ ನೀವು ಪಕ್ಕದಲ್ಲಿ ಬಡಾವಣೆ ಮಾಡಿದ ಸಾಹುಕಾರನಿಗೆ ಶಾಪ ಹಾಕಿದಿರಿ. ಅವನು ಕಟ್ಟಿದ್ದು ಗೋಡೆ ಮಾತ್ರ. ಅದನ್ನು ಕಟ್ಟಲು ಬಿಟ್ಟ ಒಂದು ಪದ ನನ್ನದು.

ಆಗ ಮೂಡುಬಿದಿರೆಯ ಮಹಾಯೋಜನೆಗೆ ಸರ್ವೆ ನಡೆಯುತ್ತಿತ್ತು — ಪೇಟೆ ಯಾವ ಕಡೆ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ರಸ್ತೆ ಎಂದು ಗೊತ್ತುಮಾಡುವ ನಕ್ಷೆಗೆ. ಯೋಜನಾ ಆಫೀಸಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು, ಬೆಂಗಳೂರಿನಿಂದ ಬಂದ ಅಧಿಕಾರಿಯ ಹಿಂದೆ ಇಸ್ತ್ರಿಯ ಅಂಗಿ ತೊಟ್ಟು ಪುತ್ತಿಗೆ ಕಡೆಯ ನಿಮ್ಮ ಓಣಿಯ ಬಾಯಲ್ಲಿ ನಿಂತಿದ್ದೆ. ಎರಡೂ ಬದಿ ಆಳೆತ್ತರದ ಕೆಂಪುಕಲ್ಲಿನ ದರೆ, ನಡುವೆ ಇಬ್ಬರು ನಡೆಯುವಷ್ಟು ಜಾಗ. ನಮ್ಮ ಕಡೆಯ ಓಣಿ ಬೇಸಿಗೆಯಲ್ಲಿ ದಾರಿ, ಮಳೆಗಾಲದಲ್ಲಿ ದಾರಿಯೂ ಹೌದು, ನೀರೂ ಹೌದು. ಆ ದಿನ ನೀರು ಹರಿಯುತ್ತಿತ್ತು. ನೀವು ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಡಲು, ಸೀರೆ ಎತ್ತಿ ಕಟ್ಟಿ, ಆ ನೀರಿನಲ್ಲೇ ನಡೆದು ಬಂದಿರಿ.

"ನೀನು ನಮ್ಮ ಬೀಡಿ ಸರೋಜನ ಮಗ ಅಲ್ವಾ? ನನ್ನ ಸೊಂಟದಲ್ಲಿ ಕೂತು ಶಾಲೆಗೆ ಹೋದವ, ಈಗ ನೋಡು ಮಾರಾಯ."

ಅಧಿಕಾರಿ ನಕ್ಕರು. ಕೆಟ್ಟ ನಗೆಯೇನಲ್ಲ. ಆದರೆ ಅಮ್ಮ ಬೀಡಿ ಕಟ್ಟುವ ವಿಷಯವನ್ನು ನಾನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ — ನನ್ನ ಮುಖ ಬಿಸಿಯಾಯಿತು. ನಕ್ಷೆ ನೋಡುತ್ತ ನಿಂತೆ. ನೀವು ಸ್ವಲ್ಪ ಕಾದು ಹೋದಿರಿ.

"ಪರಿಚಯನಾ?" ಎಂದರು ಅಧಿಕಾರಿ.

"ಇಲ್ಲ ಸಾರ್."

"ಇದೇನ್ರೀ, ದಾರಿನಾ?"

ದಾರಿ ಎಂದರೆ ನಿಮ್ಮ ಅಂಗಳದವರೆಗೂ ಅಳೆಯಲು ಹೋಗಬೇಕು, ಅಲ್ಲಿ ಅಕ್ಕಪಕ್ಕದವರೆಲ್ಲ ಬಂದು ನನ್ನ ಗುರುತು ಹೇಳುತ್ತಾರೆ...

"ಅಲ್ಲ ಸಾರ್. ಮಳೆನೀರಿನ ಚರಂಡಿ. ಹತ್ತಿರ ಅಂತ ಜನ ಇದರಲ್ಲಿ ನಡೀತಾರೆ ಅಷ್ಟೆ."

ತಿದ್ದಲು ಅವಕಾಶವಿತ್ತು, ಕಮಲಕ್ಕ. ಕರಡು ನಕ್ಷೆಯನ್ನು ಆಫೀಸಿನ ಗೋಡೆಗೆ ಹಚ್ಚಿ ಆಕ್ಷೇಪಣೆ ಕರೆದಿದ್ದರು. ಅಂಗಡಿಯ ಹಮೀದ್ ಬ್ಯಾರಿ ಅದನ್ನು ಓದಿ ನಿಮಗೆ ತಿಳಿಸಿದರು. ನೀವು ನೇರ ನನ್ನ ಬಳಿಗೇ ಬಂದಿರಿ.

"ಯಾರೋ ನಮ್ಮ ಓಣಿಯನ್ನು ಚರಂಡಿ ಅಂತ ಬರೆದಿದ್ದಾರಂತೆ. ನೀನು ಅಲ್ಲೇ ಇರುವವ, ಒಂದು ಮಾತು ಹೇಳ್ತೀಯಾ ಮಗಾ?"

"ನೋಡುವ, ಕಮಲಕ್ಕ."

ನಮ್ಮೂರಿನ 'ನೋಡುವ' — ಇಲ್ಲ ಎನ್ನಲು ಬಾಯಿ ಬಾರದವರ ಮಾತು. ನೀವು ಅದನ್ನು ಭರವಸೆ ಎಂದುಕೊಂಡಿರಿ, ಬೇರೆ ಯಾರ ಹತ್ತಿರವೂ ಹೋಗಲಿಲ್ಲ. ತಿದ್ದಿದರೆ ಸುಳ್ಳು ಹೇಳಿದವನು ನಾನೆಂದು ಗೊತ್ತಾಗುತ್ತಿತ್ತು. ಗಡುವು ಮುಗಿಯುವವರೆಗೆ ಸುಮ್ಮನಿದ್ದೆ.

ಚರಂಡಿಗೆ ಪೈಪು ಸಾಕಲ್ಲ. ಪೈಪು ಹಾಕಿ ಮಣ್ಣು ತುಂಬಿದರು, ಮೇಲೆ ಸಾಹುಕಾರನ ಬಡಾವಣೆಯ ಗೋಡೆ ಎದ್ದಿತು. ಹತ್ತು ನಿಮಿಷದ ಹಾದಿಗೆ ನೀವೀಗ ಗುಡ್ಡೆ ಸುತ್ತಬೇಕು. ಮೊಣಕಾಲು ಹಿಡಿದ ಮೇಲೆ ಪೇಟೆಗೆ ಬರುವುದನ್ನೇ ಬಿಟ್ಟಿರೆಂದು ಅಮ್ಮ ಹೇಳಿದಳು.

ಈಗ ಕೆಲಸಕ್ಕೆ ಸೇರುವ ಹೊಸಬರಿಗೆ ನಾನೇ ಪಾಠ ಹೇಳುತ್ತೇನೆ — ಜನ ನಡೆದು ಸವೆದ ದಾರಿಯನ್ನು ಮೊದಲು ನೋಡಿ, ಆಮೇಲೆ ಗೆರೆ ಎಳೆಯಿರಿ ಎಂದು. ಅವರು ಶ್ರದ್ಧೆಯಿಂದ ಬರೆದುಕೊಳ್ಳುತ್ತಾರೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಹಾಯೋಜನೆಯನ್ನು ಪರಿಷ್ಕರಿಸಲು ಮತ್ತೆ ಆಕ್ಷೇಪಣೆ ಕರೆದಿದ್ದಾರೆ. ತಿಳಿದೂ ತಿಳಿದೂ ದಾರಿಯನ್ನು ಚರಂಡಿ ಎಂದು ಬರೆಸಿದವನು ನಾನೆಂದು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಗೋಡೆ ಬೀಳುತ್ತದೋ ಇಲ್ಲವೋ — ಕೆಲಸವಂತೂ ಉಳಿಯಲಾರದು, ಉಳಿಯಬಾರದು ಕೂಡ.

ನಿಮಗೆ ಕನ್ನಡ ಓದಲು ಬಾರದು. ಅದು ಗೊತ್ತಿದ್ದೇ ಇಷ್ಟುದ್ದ ಬರೆದೆನಲ್ಲ, ಅದೂ ಹೇಡಿತನವೇ. ಭಾನುವಾರ ಗುಡ್ಡೆ ಸುತ್ತಿ ನಡೆದು ಬರುತ್ತೇನೆ. ಯಾರು ಬಂದರೂ ಮೊದಲು ಬೆಲ್ಲ ನೀರು ತರಲು ಒಳಗೆ ಹೋಗುವವರು ನೀವು. ಅಂಗಳದಲ್ಲಿ ನಿಂತೇ ಹೇಳಿಬಿಡಬೇಕು — ಆ ನೀರು ಕುಡಿದು ಆಮೇಲೆ ಹೇಳಿದರೆ, ಅದು ಇನ್ನೊಂದು ಮೋಸವಾಗುತ್ತದೆ.