ರಂಗೋಲಿ ಪುಡಿಯ ಜಾಡು ಹಿಡಿದು

ಹಿಂದೆ ನಾಯಿಯೋ ಮುಂದೆ ಊಟವೋ ಇಲ್ಲದೆ ಮನುಷ್ಯಪ್ರಾಣಿ ಓಡುವುದಿಲ್ಲ ಎಂಬುದು ಸೃಷ್ಟಿಯ ಆದಿಯಿಂದ ಬಂದ ನಿಯಮ. ಮಧುಗಿರಿಯ ನಮ್ಮ ಅಮಲ್ದಾರರು ಅದನ್ನು ಒಂದು ಶನಿವಾರ ಸಂಜೆ ಬಾಯಿಮಾತಿನಲ್ಲೇ ರದ್ದು ಮಾಡಿದರು.

ಅವರು ರಜೆಯ ಮೇಲೆ ಸಿಂಗಪುರದ ದ್ವೀಪಕ್ಕೆ, ಭಾವಮೈದುನನ ಮನೆಗೆ ಹೋಗಿಬಂದಿದ್ದರು. ಅಲ್ಲಿನ ದೊರೆಗಳು ವಾರಕ್ಕೊಮ್ಮೆ ಗುಂಪು ಕಟ್ಟಿಕೊಂಡು ಕಾಡಿನಲ್ಲಿ ಓಡುತ್ತಾರಂತೆ. ಇಬ್ಬರು ಮುಂದಾಗಿ ಹೋಗಿ ಕಾಗದದ ಚೂರು ಉದುರಿಸುವುದು, ಉಳಿದವರು ಆ ಜಾಡು ಹಿಡಿದು ಹಿಂಬಾಲಿಸುವುದು, ಓಡಲಾರದವರು ನಡೆಯುವುದು, ಕೊನೆಗೆ ಎಲ್ಲರೂ ಕೂತು ತಿನ್ನುವುದು, ಕುಡಿಯುವುದು. ಕುಡಿಯುವುದನ್ನು ಕಾಫಿಗೆ ತಿದ್ದುಪಡಿ ಮಾಡಿ, ಕಡೆಗೆ ಬಂದವನು ಒಂದು ದೇವರನಾಮ ಹಾಡತಕ್ಕದ್ದು ಎಂಬ ದಂಡ ಸೇರಿಸಿ, ಭಾನುವಾರ ಬೆಳಿಗ್ಗೆ ಓಡುವ ಸಂಘವೊಂದನ್ನು ಕಟ್ಟಿ, ಅಮಲ್ದಾರರು ಇದನ್ನು ನಮ್ಮ ತಾಲ್ಲೂಕಿಗೂ ಅನ್ವಯಿಸಿದರು.

ನಾನು ಅವರ ಕಚೇರಿಯ ಗುಮಾಸ್ತ. ಹೆಂಡತಿ ಮತ್ತು ಪುಟ್ಟ ಮಗಳು ಶಿರಾದಲ್ಲಿದ್ದರು; ಹಾಸಿಗೆ ಹಿಡಿದಿದ್ದ ಅತ್ತೆಯನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಭಾನುವಾರ ಬಸ್ಸಿನಲ್ಲಿ ಹೋಗಿ ಮಗಳ ಮುಖ ನೋಡಿ ಬರುತ್ತಿದ್ದೆ. ನನಗೆ ಶಿರಾಕ್ಕೆ ವರ್ಗ ಬೇಕಿತ್ತು. ವರ್ಗಕ್ಕೆ ಅಮಲ್ದಾರರ ಶಿಫಾರಸು ಬೇಕಿತ್ತು. ಅಮಲ್ದಾರರಿಗೆ ಓಡುವವರು ಬೇಕಿತ್ತು. ಹೀಗಾಗಿ, ಮಗಳ ಹತ್ತಿರ ಹೋಗುವ ಸಲುವಾಗಿ ಮಗಳನ್ನು ನೋಡುವ ಭಾನುವಾರಗಳನ್ನೇ ಅರ್ಪಿಸಿ ನಾನು ಸಂಘ ಸೇರಿದೆ.

"ಓಡಲೇಬೇಕು ಅಂದ್ರೆ ಶಿರಾ ಕಡೆಗೇ ಓಡಿ ಬರಬಾರದಾ?" ಎಂದಳು ಹೆಂಡತಿ, ನಡುವೆ ಒಂದು ಹಬ್ಬಕ್ಕೆ ಹೋದಾಗ. ಮಗಳು ಕಂಬದ ಹಿಂದೆ ನಿಂತು, "ಅಮ್ಮಾ, ಯಾರೋ ಬಂದವ್ರೆ" ಎಂದು ವರದಿ ಒಪ್ಪಿಸಿದಳು.

ಕಚ್ಚೆಪಂಚೆ, ಕೋಟು, ಪೇಟ, ಮೆಟ್ಟಿನೊಳಗೆ ಜಾಲಿಮುಳ್ಳು. ಬಂಡೆಗಳ ನಡುವೆ ಏದುಸಿರು ಬಿಡುತ್ತಾ ಪ್ರತಿ ವಾರವೂ ಕಡೆಯವನಾಗಿ ತಲುಪಿ, ನನಗೆ ಬರುತ್ತಿದ್ದ ಒಂದೇ ಒಂದು ದೇವರನಾಮವನ್ನು ಹಾಡುತ್ತಿದ್ದೆ. "ನಿಮಗೆ ಬೇರೆ ದೇವರು ಯಾರೂ ಪರಿಚಯ ಇಲ್ಲವೇನ್ರೀ?" ಎಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕೇಳಿದ್ದುಂಟು.

ಕಾಗದದ ಚೂರನ್ನು ಆಡುಗಳು ಮೇಯ್ದುಬಿಡುತ್ತಿದ್ದವು. ಆದ್ದರಿಂದ ರಂಗೋಲಿ ಪುಡಿ ಜಾರಿಗೆ ಬಂತು. ಓಟಕ್ಕೆ ಪುರವರ ಎಂಬ ಹಳ್ಳಿಯ ಸರದಿ ಬಂದಾಗ, ಜಾಡು ಹಾಕುವ ಇಬ್ಬರು ಬೆಳಗಿನ ನಿದ್ದೆ ಕೆಡಿಸಿಕೊಳ್ಳಲಾರದೆ, ಹಿಂದಿನ ಸಂಜೆಯೇ ಊರ ಬೀದಿಯಲ್ಲಿ ಪುಡಿ ಉದುರಿಸಿ ಬಂದರು. ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಪುರವರದ ಹೆಂಗಸರು ಎದ್ದು, ಗುಡಿಸಿ, ಸಾರಿಸಿ, ಮನೆಮನೆಯ ಮುಂದೂ ರಂಗೋಲಿ ಬಿಟ್ಟಿದ್ದರು.

ಅಮಲ್ದಾರರು, ಡಾಕ್ಟರು, ಹೈಸ್ಕೂಲಿನ ಹೆಡ್‌ಮಾಸ್ತರು ಒಂದೊಂದು ಬಾಗಿಲ ಮುಂದೆಯೂ ಬಗ್ಗಿ, ಇದು ಜಾಡೋ ಚಿತ್ತಾರವೋ ಎಂದು ಸ್ಥಳತನಿಖೆ ನಡೆಸಿದರು. ರಂಗೋಲಿಗೂ ಕಂದಾಯ ಬಂತೆಂದು ಗಾಬರಿಯಾದ ಒಬ್ಬಾಕೆ ತನ್ನದನ್ನು ಕಾಲಿನಿಂದಲೇ ಅಳಿಸಿ ಬಾಗಿಲು ಹಾಕಿಕೊಂಡಳು.

ನನಗೆ ಸಾಕಾಗಿಹೋಗಿತ್ತು. ಬೀದಿಯ ಕೊನೆಯ ಮನೆಯ ಜಗಲಿಯ ಮೇಲೆ ಕೂತುಬಿಟ್ಟೆ. ಒಳಗಿನಿಂದ ಪೊರಕೆ ಹಿಡಿದು ಒಬ್ಬ ಮುದುಕಿ ಬಂದಳು.

"ಏನ್ ಸ್ವಾಮಿ ಕಳ್ಕಂಡ್ರಿ?"

"ದಾರಿ ಕಣಮ್ಮ."

"ಇಷ್ಟ್ ಜನ ದೊಡ್ಡೋರು ಸೇರ್ಕಂಡಾ? ನಿನ್ನೆ ಸಂಜೆ ಯಾರೋ ಇಬ್ರು ಕೋಟಿನೋರು ನಮ್ ಬಾಗ್ಲಾಗೆ ಪುಡಿ ಚೆಲ್ಕಂಡು ಆ ಕೆರೆ ಏರಿ ಮ್ಯಾಕೆ ಹೋದ್ರು. ಏನ್ ಮಾಟನೋ ಏನ್ ಕತೆನೋ ಅಂತ ಗುಡ್ಸಿ ಎಸ್ದುಬುಟ್ಟೆ."

ಬೀದಿಯಲ್ಲಿ ಬಗ್ಗಿದ್ದವರಿಗೆ ಕೂತಲ್ಲಿಂದಲೇ ಕೈಯೆತ್ತಿ ಕೆರೆ ಏರಿ ತೋರಿಸಿದೆ. ಏಳುವ ಶಕ್ತಿ ಇರಲಿಲ್ಲ. ಏರಿಯ ಮೇಲೆ ಬಿಳಿ ಗೆರೆ ಸಿಕ್ಕಿತು. ಗೆರೆಯ ಕೊನೆಗೆ, ಹುಣಸೆ ಮರದ ಕೆಳಗೆ, ಉಪ್ಪಿಟ್ಟು ಸಿಕ್ಕಿತು. ಅಂದೂ ಕಡೆಗೆ ಬಂದವನು ನಾನೇ. ಆದರೂ ಹಾಡು ಮನ್ನಾ ಆಯಿತು. ಅಮಲ್ದಾರರು ಎಲ್ಲರ ಎದುರು ನನ್ನ ಬೆನ್ನು ತಟ್ಟಿದರು. ಇದೇ ಸಮಯವೆಂದು, "ಸ್ವಾಮಿ, ನನ್ನ ಶಿರಾ ವರ್ಗದ ವಿಚಾರ..." ಎಂದು ರಾಗ ತೆಗೆದೆ.

"ನಿಮ್ಮನ್ನೇ?" ಎಂದರು ಅವರು, ನಿಜವಾಗಿಯೂ ನೊಂದುಕೊಂಡು. "ಇಷ್ಟು ದಿನಕ್ಕೆ ಜಾಡು ಹಿಡಿಯೋ ಒಬ್ಬ ಮನುಷ್ಯ ಸಿಕ್ಕಿದೀರಿ. ಶಿರಾದವರಿಗೆ ಬಿಟ್ಟುಕೊಡೋಕೆ ನನಗೇನು ಹುಚ್ಚೇನ್ರೀ?" ಎಂದು ತಾವೇ ಪ್ರೀತಿಯಿಂದ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದರು. ತಿಂದೆ. ಹಸಿವಾಗಿತ್ತು.

ಅಮಲ್ದಾರರಿಗೆ ಪಾವಗಡಕ್ಕೆ ವರ್ಗವಾಗುವವರೆಗೂ ನಾನು ಮಧುಗಿರಿಯಲ್ಲೇ ಇದ್ದೆ. ಆ ಹೊತ್ತಿಗೆ ಮಗಳು ಶಿರಾದ ಶಾಲೆಯಲ್ಲಿ ಎರಡನೆಯ ತರಗತಿಯಲ್ಲಿದ್ದಳು.